ಮೂಳೆಯ ಅಂಕಿ ಸರಿಯಿದ್ದರೂ ಸೊಂಟ ಮುರಿಯುವುದೇಕೆ?

ಅಕ್ಟೋಬರ್ 20ರ ವಿಶ್ವ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ದಿನದ ಆಸುಪಾಸಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳಂಥ ಊರುಗಳಲ್ಲಿ ಉಚಿತ ಮೂಳೆ ತಪಾಸಣಾ ಶಿಬಿರಗಳು ನಡೆಯುವುದುಂಟು. ಹಿಮ್ಮಡಿಯನ್ನು ಸಣ್ಣ ಯಂತ್ರವೊಂದರಲ್ಲಿ ಇಟ್ಟು ತೆಗೆದರೆ ಕೆಲವೇ ನಿಮಿಷಗಳಲ್ಲಿ ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿಗಳ ನಡುವೆ ಒಂದು ಚುಕ್ಕೆ, ಪಕ್ಕದಲ್ಲಿ ಒಂದು ಅಂಕಿ. ಚುಕ್ಕೆ ಹಸಿರಿನಲ್ಲಿ ಬಿದ್ದವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ, ಕೆಂಪಿನಲ್ಲಿ ಬಿದ್ದವರು ಕ್ಯಾಲ್ಸಿಯಂ ಡಬ್ಬಿ ಹಿಡಿದು ಹೋಗುತ್ತಾರೆ.

ಇದೇ ಜನರ ಕಣ್ಣಿಗೆ ಕಳೆದ ಕೆಲವು ವರ್ಷಗಳಲ್ಲಿ ಒಂದಕ್ಕೊಂದು ತಾಳೆಯಾಗದ ಸುದ್ದಿಗಳೂ ಬಿದ್ದಿವೆ. ವಿಟಮಿನ್ ಡಿ ನುಂಗಿದರೂ ಮೂಳೆ ಮುರಿತ ಕಡಿಮೆಯಾಗಲಿಲ್ಲ ಎಂಬುದು ಒಂದು. ಮೂಳೆ ಗಟ್ಟಿ ಮಾಡುವ ಮಾತ್ರೆಯಿಂದಲೇ ತೊಡೆಮೂಳೆ ಮುರಿದೀತು ಎಂಬುದು ಇನ್ನೊಂದು. ಮೂಳೆ ಮುರಿದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವರದಿ ‘ಆಸ್ಟಿಯೋಪೊರೋಸಿಸ್ ಇಲ್ಲ’ ಎಂದೇ ಹೇಳುತ್ತಿತ್ತು ಎಂಬುದು ಮತ್ತೊಂದು. ಇವೆಲ್ಲ ನಿಜವಾಗಿದ್ದರೆ ತಪಾಸಣೆಗೆ ಅರ್ಥವೇನು, ಮಾತ್ರೆಗೆ ಅರ್ಥವೇನು ಎಂಬ ಪ್ರಶ್ನೆ ಸಹಜವಾದದ್ದು. ಈ ಸುದ್ದಿಗಳು ನಿಜವೇ. ಆದರೆ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಮೂಳೆಯಲ್ಲಿ ಖನಿಜ ಎಷ್ಟಿದೆ, ಮೂಳೆ ಎಷ್ಟು ಗಟ್ಟಿಯಿದೆ, ಅದು ಮುರಿಯುವ ಸಂಭವ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಒಂದೇ ಅಂಕಿಯಲ್ಲಿ ಕಟ್ಟಿಹಾಕಿದ್ದರಿಂದ ಗೊಂದಲ ಹುಟ್ಟಿದೆ. ನಮ್ಮ ಮೂರು ಜಿಲ್ಲೆಗಳ ನೀರು, ಊಟ ಮತ್ತು ಕಾಯಿಲೆಗಳ ಸ್ವರೂಪವನ್ನು ನೋಡಿದರೆ ಈ ಗೊಂದಲದಿಂದ ಆಗುವ ಹಾನಿ ಇಲ್ಲಿ ಇನ್ನಷ್ಟು ಹೆಚ್ಚು.

ಯಂತ್ರ ಅಳೆಯುವುದೇನನ್ನು?

ಮೂಳೆ ಸಾಂದ್ರತೆಯನ್ನು ಅಳೆಯಲು ಪ್ರಮಾಣವೆಂದು ಒಪ್ಪಿರುವ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಸೊಂಟ ಮತ್ತು ಬೆನ್ನಿನ ಕೆಳಭಾಗದ ಮೂಲಕ ಹಾಯಿಸಿ, ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜವಿದೆ ಎಂದು ಅದು ಲೆಕ್ಕ ಹಾಕುತ್ತದೆ. ಬಂದ ಫಲವನ್ನು ತರುಣಿಯರ ಸರಾಸರಿಯೊಡನೆ ಹೋಲಿಸಿದಾಗ ಸಿಗುವುದೇ ಟಿ-ಸ್ಕೋರ್. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಆಸ್ಟಿಯೋಪೊರೋಸಿಸ್ ಎಂದೂ, ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ ಎಂದೂ ಗೆರೆ ಎಳೆಯಿತು. ಮಂಡಿ ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ, ಅದು ನೋಯುತ್ತದೆ. ಆಸ್ಟಿಯೋಪೊರೋಸಿಸ್‌ನಲ್ಲಿ ಟೊಳ್ಳಾಗುವುದು ಮೂಳೆ, ಅದು ಮುರಿಯುವವರೆಗೆ ನೋಯುವುದೇ ಇಲ್ಲ.

ಡೆಕ್ಸಾ ಅಳತೆಗೆ ತನ್ನದೇ ಮಿತಿಗಳಿವೆ. ಅದು ಮೂಳೆಯ ನೆರಳನ್ನು ಅಳೆಯುತ್ತದೆಯೇ ಹೊರತು ದಪ್ಪವನ್ನಲ್ಲ. ಆದ್ದರಿಂದ ಸಣ್ಣ ಮೈಕಟ್ಟಿನ ಮಹಿಳೆಯ ಮೂಳೆ ಚೆನ್ನಾಗಿದ್ದರೂ ಅಂಕಿ ಕಡಿಮೆ ಬರಬಹುದು. ಬೆನ್ನುಮೂಳೆಯಲ್ಲಿ ವಯಸ್ಸಿನ ಸವೆತದಿಂದ ಹೆಚ್ಚುವರಿ ಎಲುಬು ಬೆಳೆದಿದ್ದರೆ, ಇಲ್ಲವೆ ಅಲ್ಲಿಯ ಒಂದು ಮಣಿಯೇ ಕುಸಿದು ಒತ್ತಿಕೊಂಡಿದ್ದರೆ, ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ಶಿಬಿರದ ಹಿಮ್ಮಡಿ ಯಂತ್ರವಂತೂ ಡೆಕ್ಸಾ ಅಲ್ಲವೇ ಅಲ್ಲ, ಅದು ಧ್ವನಿ ತರಂಗಗಳಿಂದ ಅಳೆಯುತ್ತದೆ. ಅಪಾಯದ ಸೂಚನೆ ಕೊಡುವ ಶಕ್ತಿ ಅದಕ್ಕೆ ಸ್ವಲ್ಪಮಟ್ಟಿಗೆ ಇದೆ, ಆದರೆ ಮೈನಸ್ 2.5ರ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ. ಆ ಚೀಟಿಯೊಂದನ್ನೇ ನಂಬಿ ಕಾಯಿಲೆ ಇದೆಯೆಂದೋ ಇಲ್ಲವೆಂದೋ ತೀರ್ಮಾನಿಸಲಾಗದು.

ಹೆಚ್ಚು ಮುರಿತಗಳು ಗೆರೆಯ ಆಚೆ ಏಕೆ?

ನೆದರ್ಲೆಂಡ್ಸಿನ ರೋಟರ್ಡ್ಯಾಮ್ ನಗರದಲ್ಲಿ ಸಾವಿರಾರು ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವು 2004ರಲ್ಲಿ ಪ್ರಕಟಿಸಿದ ಫಲಿತಾಂಶ ಬಹಳ ಚರ್ಚೆಗೆ ಬಂತು. ಬೆನ್ನುಮೂಳೆಯನ್ನು ಬಿಟ್ಟು ಬೇರೆ ಕಡೆ ಮೂಳೆ ಮುರಿದುಕೊಂಡ ಮಹಿಳೆಯರಲ್ಲಿ ಶೇ 44ರಷ್ಟು ಮಂದಿಗೆ ಮಾತ್ರ ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿತ್ತು, ಪುರುಷರಲ್ಲಿ ಈ ಪಾಲು ಶೇ 21 ಮಾತ್ರ. ಸೊಂಟದ ಮುರಿತವನ್ನಷ್ಟೇ ಪ್ರತ್ಯೇಕವಾಗಿ ನೋಡಿದರೆ ಗೆರೆಯ ಕೆಳಗಿನವರ ಪಾಲು ಇದಕ್ಕಿಂತ ಹೆಚ್ಚು, ಆದರೂ ಗೆರೆಯ ಮೇಲಿದ್ದು ಸೊಂಟ ಮುರಿದುಕೊಂಡವರ ಸಂಖ್ಯೆ ಸಣ್ಣದಲ್ಲ.

ಇದರ ಕಾರಣವನ್ನು ಒಂದು ಊಹೆಯ ಲೆಕ್ಕದಿಂದ ತಿಳಿಯಬಹುದು. ಸಾವಿರ ಮಹಿಳೆಯರಲ್ಲಿ ನೂರು ಜನರ ಅಂಕಿ ತೀರ ಕಡಿಮೆಯಿದ್ದು, ಅವರಲ್ಲಿ ಹತ್ತು ಜನರಿಗೆ ಮುರಿತವಾಯಿತೆನ್ನೋಣ. ಉಳಿದ ಒಂಬೈನೂರು ಜನರ ಅಪಾಯ ಅದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ, ಅಂದರೆ ನೂರಕ್ಕೆ ಮೂರು. ಆದರೂ ಆ ಗುಂಪು ದೊಡ್ಡದಾದ್ದರಿಂದ ಅಲ್ಲಿ ಇಪ್ಪತ್ತೇಳು ಮುರಿತಗಳಾಗುತ್ತವೆ. ಕಡಿಮೆ ಅಂಕಿ ಅಪಾಯಕಾರಿ ಎಂಬ ಮಾತೂ ನಿಜ, ಹೆಚ್ಚು ಮುರಿತಗಳು ಉಳಿದವರಲ್ಲೇ ಆಗುತ್ತವೆ ಎಂಬ ಮಾತೂ ನಿಜ.

ಇದು ಸಂಖ್ಯೆಯ ಕಾರಣವಾಯಿತು. ಇದರ ಹಿಂದೆ ಮೂಳೆಯ ಒಳಗೇ ಇರುವ ಕಾರಣವೂ ಇದೆ.

ಖನಿಜ ಬೇರೆ, ಗಟ್ಟಿತನ ಬೇರೆ

2000ನೇ ಇಸವಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನಡೆಸಿದ ತಜ್ಞರ ಸಮಾವೇಶವು ಆಸ್ಟಿಯೋಪೊರೋಸಿಸ್ ಎಂದರೆ ಮೂಳೆಯ ಬಲ ಕುಂದಿದ ಸ್ಥಿತಿ ಎಂದು ಹೇಳಿ, ಆ ಬಲವು ಸಾಂದ್ರತೆ ಮತ್ತು ಗುಣಮಟ್ಟ ಎರಡರಿಂದಲೂ ಕೂಡಿದ್ದು ಎಂದು ಸ್ಪಷ್ಟಪಡಿಸಿತು. ಗುಣಮಟ್ಟವೆಂದರೆ ಮೂಳೆಯ ಒಳರಚನೆ, ಹಳೆಯ ಮೂಳೆ ಕರಗಿ ಹೊಸದು ಕಟ್ಟುವ ವೇಗ, ಕಣ್ಣಿಗೆ ಕಾಣದ ಬಿರುಕುಗಳು ಕೂಡಿಕೊಂಡ ಪ್ರಮಾಣ, ಖನಿಜ ಕೂಡುವ ರೀತಿ, ಜೊತೆಗೆ ಮೂಳೆಗೆ ಬಾಗುವ ಗುಣ ಕೊಡುವ ಕೊಲಾಜೆನ್ ಎಳೆಗಳ ಸ್ಥಿತಿ.

ನಮ್ಮ ಕಡೆಯ ಮಾಳಿಗೆ ಮನೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು ಮನೆಗಳಿಗೆ ಒಂದೇ ತೂಕದ ಕಟ್ಟಿಗೆ ಬಳಸಿದ್ದರೂ, ಒಂದರಲ್ಲಿ ಕಂಬ, ತೊಲೆ, ಜಂತಿಗಳು ಒಂದಕ್ಕೊಂದು ಸರಿಯಾಗಿ ಕೂತಿದ್ದು ಇನ್ನೊಂದರಲ್ಲಿ ನಡುವಿನ ಜಂತಿಗಳು ಸರಿದು ಹೋಗಿದ್ದರೆ, ಮೇಲುಮುದ್ದೆಯ ಮಣ್ಣಿನ ಭಾರವನ್ನು ಎರಡೂ ಒಂದೇ ರೀತಿ ತಡೆಯಲಾರವು. ಡೆಕ್ಸಾ ಹೇಳುವುದು ಕಟ್ಟಿಗೆಯ ತೂಕವನ್ನು, ಜೋಡಣೆಯನ್ನಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಕರಗುವ ವೇಗ ಹೆಚ್ಚಾದಾಗ ಒಳಜಾಲದ ಅಡ್ಡ ಎಳೆಗಳು ತೆಳುವಾಗುತ್ತ ಹೋಗಿ ಕೊನೆಗೆ ತುಂಡಾಗುತ್ತವೆ. ಒಮ್ಮೆ ತುಂಡಾದ ಎಳೆ ಮತ್ತೆ ಕೂಡಿಕೊಳ್ಳುವುದು ಕಷ್ಟ, ಖನಿಜ ಎಷ್ಟೇ ಸೇರಿದರೂ ಜೋಡಣೆ ಹಿಂದಿನಂತಾಗುವುದಿಲ್ಲ.

ಸೊಂಟದ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡನ್ನು ಮೂಳೆಯ ಕಾಂಡಕ್ಕೆ ಸೇರಿಸುವ ಓರೆಯಾದ ಭಾಗವನ್ನು ತೊಡೆಮೂಳೆಯ ಕತ್ತು ಎನ್ನುತ್ತಾರೆ. ನಾವು ನಡೆಯುವಾಗ, ನಿಲ್ಲುವಾಗ ಮೈಭಾರ ಬೀಳುವುದು ಆ ಕತ್ತಿನ ಕೆಳಗಿನ ಅಂಚಿನ ಮೇಲೆ. ಮೇಲಿನ ಅಂಚಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಕಡೆ ಮೂಳೆ ತೆಳುವಾಗುವುದು ದೇಹದ ನಿಯಮ. ಆದ್ದರಿಂದ ವಯಸ್ಸಾದಂತೆ ಮೇಲಂಚಿನ ಹೊರಕವಚ ಬಹಳ ತೆಳುವಾಗುತ್ತದೆಂದು ಕೇಂಬ್ರಿಜ್‌ನ ಸಂಶೋಧಕರು 2005ರಲ್ಲಿ ತೋರಿಸಿದರು. ಮನುಷ್ಯ ಪಕ್ಕಕ್ಕೆ ಬಿದ್ದಾಗ ಬಲದ ದಿಕ್ಕು ತಲೆಕೆಳಗಾಗುತ್ತದೆ. ಪೆಟ್ಟು ನೇರವಾಗಿ ತೊಡೆಯ ಹೊರಬದಿಯ ಉಬ್ಬಿಗೆ ತಗಲಿ, ಬದುಕಿನುದ್ದಕ್ಕೂ ಅಂಥ ಒತ್ತಡವನ್ನು ಕಾಣದ ಆ ತೆಳು ಮೇಲಂಚು ಇದ್ದಕ್ಕಿದ್ದಂತೆ ಹಿಸುಕಿದಂತಾಗಿ ಒಡೆಯುತ್ತದೆ. ಎಷ್ಟೋ ವರ್ಷ ಹೊಲದಲ್ಲಿ ದುಡಿದ, ಕೊಡ ಹೊತ್ತ, ನಿತ್ಯ ನಡೆದಾಡುವ ಅಜ್ಜಿಯ ಸೊಂಟ ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಮುರಿಯುವುದು ಹೀಗೆ. ಇಡೀ ಕತ್ತಿನ ಸರಾಸರಿಯನ್ನು ಹೇಳುವ ಅಂಕಿಯಲ್ಲಿ ಈ ಒಂದು ಅಂಚಿನ ದೌರ್ಬಲ್ಯ ಪ್ರತ್ಯೇಕವಾಗಿ ಕಾಣುವುದಿಲ್ಲ.

ಫ್ಲೋರೈಡ್ ನೀರು: ಅಂಕಿ ಏರಿಸಿ ಮೂಳೆ ಕೆಡಿಸುವ ಬಗೆ

ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲಿನ ಮೇಲೆ ಬೀಳುವ ಕಂದು ಕಲೆಗಳಿಂದ ಜನ ಇದನ್ನು ಗುರುತಿಸುತ್ತಾರೆ. ಮೂಳೆಗೆ ಅದು ಮಾಡುವ ಕೆಲಸ ಹೊರಗೆ ಕಾಣುವುದಿಲ್ಲ, ಸಾಂದ್ರತೆಯ ಅಂಕಿ ದಾರಿ ತಪ್ಪಿಸಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯೂ ಇಲ್ಲ.

ಫ್ಲೋರೈಡ್ ಮೂಳೆ ಕಟ್ಟುವ ಜೀವಕೋಶಗಳನ್ನು ಪ್ರಚೋದಿಸುತ್ತದೆ. ಈ ಕಾರಣಕ್ಕೆ ಒಂದು ಕಾಲದಲ್ಲಿ ಅದನ್ನೇ ಆಸ್ಟಿಯೋಪೊರೋಸಿಸ್‌ಗೆ ಔಷಧಿಯಾಗಿ ಪ್ರಯೋಗಿಸಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು, ತೊಡೆಮೂಳೆಯ ಕತ್ತಿನ ಸಾಂದ್ರತೆ ಶೇ 12ರಷ್ಟು ಏರಿತು. ಯಾವ ವರದಿಯಲ್ಲಾದರೂ ಸಂತೋಷ ಕೊಡುವ ಏರಿಕೆ ಇದು. ಆದರೆ ಬೆನ್ನುಮೂಳೆಯ ಮುರಿತಗಳು ಗಮನಾರ್ಹವಾಗಿ ಇಳಿಯಲಿಲ್ಲ, ಬೇರೆ ಕಡೆಯ ಮುರಿತಗಳು ಸುಮಾರು ಮೂರು ಪಟ್ಟಾದವು. ಫ್ಲೋರೈಡ್ ಸೇರಿದ ಖನಿಜದ ಹರಳುಗಳ ಸ್ವರೂಪವೇ ಬದಲಾಗುತ್ತದೆ, ಹೊಸ ಮೂಳೆಗೆ ಖನಿಜ ಸರಿಯಾಗಿ ಕೂಡುವುದಿಲ್ಲ. ಒಳಜಾಲದಲ್ಲಿ ಮೂಳೆ ಹೆಚ್ಚುತ್ತಿದ್ದಾಗಲೇ ಕೈಕಾಲುಗಳ ಉದ್ದ ಮೂಳೆಗಳ ಹೊರಕವಚ ದುರ್ಬಲವಾಗುವುದೂ ಉಂಟು.

ಔಷಧಿಯ ಪ್ರಮಾಣಕ್ಕೂ ನೀರಿನ ಪ್ರಮಾಣಕ್ಕೂ ಅಂತರವಿದೆಯಲ್ಲ ಎಂದು ಕೇಳಬಹುದು. ಚೀನಾದ ಆರು ಪ್ರದೇಶಗಳಲ್ಲಿ ಹಲವು ದಶಕಗಳಿಂದ ಒಂದೇ ನೀರು ಕುಡಿಯುತ್ತ ಬಂದ ಹಿರಿಯರನ್ನು ಹೋಲಿಸಿದ 2001ರ ಅಧ್ಯಯನವು ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದಲ್ಲಿ ಒಟ್ಟು ಮುರಿತಗಳು ಅತಿ ಕಡಿಮೆಯೆಂದೂ, 4.3 ಮಿಲಿಗ್ರಾಂ ದಾಟಿದಲ್ಲಿ ಸೊಂಟದ ಮುರಿತ ಸ್ಪಷ್ಟವಾಗಿ ಹೆಚ್ಚೆಂದೂ ತೋರಿಸಿತು. ಇದಕ್ಕೆ ನಮ್ಮ ಊಟದ ಸಂಗತಿಯನ್ನೂ ಸೇರಿಸಬೇಕು. ಜೋಳ ಮುಖ್ಯ ಆಹಾರವಾದವರ ದೇಹದಲ್ಲಿ ಅಕ್ಕಿ ಉಣ್ಣುವವರಿಗಿಂತ ಫ್ಲೋರೈಡ್ ಹೆಚ್ಚು ಉಳಿಯುತ್ತದೆಂದು 1970ರ ದಶಕದಲ್ಲೇ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧನೆ ಹೇಳಿತ್ತು. ಇದು ರೊಟ್ಟಿ ಬಿಡಲು ಕಾರಣವಲ್ಲ, ನೀರು ಬದಲಿಸಲು ಕಾರಣ. ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಶುದ್ಧ ನೀರಿನ ಘಟಕ ಊರಲ್ಲಿ ಕೆಟ್ಟು ನಿಂತಾಗ ಅದನ್ನು ಬರೀ ಅನುಕೂಲದ ಪ್ರಶ್ನೆಯೆಂದು ನೋಡುವುದು ಸರಿಯಲ್ಲ. ಒಮ್ಮೆ ಮೂಳೆ ಸೇರಿದ ಫ್ಲೋರೈಡ್ ಹೊರಹೋಗಲು ಹಲವು ವರ್ಷಗಳು ಬೇಕು. ಹರೆಯದಲ್ಲಿ ಕುಡಿದ ನೀರಿನ ಲೆಕ್ಕ ಮುಪ್ಪಿನಲ್ಲಿಯೂ ಮುಗಿದಿರುವುದಿಲ್ಲ.

ಫ್ಲೋರೈಡ್ ನೀರಿನ ಊರಲ್ಲಿ ಬಾಳಿದ ಎಪ್ಪತ್ತು ವರ್ಷದ ಮಹಿಳೆಯ ವರದಿಯೊಂದನ್ನು ಊಹಿಸೋಣ. ಬೆನ್ನಿನ ಟಿ-ಸ್ಕೋರ್ ಮೈನಸ್ 0.6, ಸೊಂಟದ್ದು ಮೈನಸ್ 2.2. ಮೊದಲ ಸಾಲಿಗೆ ‘ನಾರ್ಮಲ್’, ಎರಡನೆಯದಕ್ಕೆ ‘ಆಸ್ಟಿಯೋಪೀನಿಯಾ’ ಎಂದು ಮುದ್ರಿತವಾಗಿರುತ್ತದೆ, ಎಲ್ಲಿಯೂ ಆಸ್ಟಿಯೋಪೊರೋಸಿಸ್ ಎಂಬ ಪದವಿಲ್ಲ. ಎರಡು ಅಂಕಿಗಳ ನಡುವಿನ ಈ ದೊಡ್ಡ ಅಂತರವೇ ಓದಬೇಕಾದ ಸಂಗತಿ. ಬೆನ್ನಿನ ಅಂಕಿಯನ್ನು ಫ್ಲೋರೈಡೋ ವಯಸ್ಸಿನ ಸವೆತವೋ ಮೇಲೆತ್ತಿರಬಹುದೆಂದು ಅನುಮಾನಿಸಿ, ಸೊಂಟದ ಅಂಕಿಯನ್ನೂ ಆಕೆಯ ಹಿಂದಿನ ಮುರಿತಗಳ ಇತಿಹಾಸವನ್ನೂ ಹಿಡಿದು ಮುಂದುವರಿಯುವ ವೈದ್ಯರು ಸರಿಯಾದ ದಾರಿಯಲ್ಲಿರುತ್ತಾರೆ.

ಸಕ್ಕರೆ ಕಾಯಿಲೆ, ಸ್ಟಿರಾಯ್ಡ್

ಎರಡನೇ ಬಗೆಯ ಮಧುಮೇಹದಲ್ಲಿಯೂ ಅಂಕಿ ಇದೇ ರೀತಿ ವಂಚಿಸುತ್ತದೆ. ಈ ಕಾಯಿಲೆ ಇರುವವರ ಸಾಂದ್ರತೆ ಸಾಮಾನ್ಯವಾಗಿ ಸರಿಯಾಗಿರುತ್ತದೆ, ಕೆಲವೊಮ್ಮೆ ಉಳಿದವರಿಗಿಂತ ಹೆಚ್ಚೇ ಇರುತ್ತದೆ. ಹಾಗಿದ್ದೂ ಸೊಂಟ ಮುರಿಯುವ ಅಪಾಯ ಅವರಲ್ಲಿ ಹೆಚ್ಚು. ರಕ್ತದಲ್ಲಿ ಬಹುಕಾಲ ಉಳಿದ ಸಕ್ಕರೆ ಕೊಲಾಜೆನ್ ಎಳೆಗಳಿಗೆ ಅಂಟಿಕೊಂಡು ಅವುಗಳ ಬಾಗುವ ಗುಣವನ್ನು ಕಸಿಯುತ್ತದೆ, ಮೂಳೆ ಹೊಸದಾಗುವ ವೇಗ ತಗ್ಗುತ್ತದೆ, ಹೊರಕವಚದಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚುತ್ತವೆ. ಜೊತೆಗೆ ಪಾದದ ಸ್ಪರ್ಶ ಕುಂದಿ, ಕಣ್ಣು ಮಂಜಾಗಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೀಳುವ ಸಂಭವವೂ ಕೂಡಿಕೊಳ್ಳುತ್ತದೆ.

ಸ್ಟಿರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಸಾಂದ್ರತೆ ಇಳಿಯುವ ಮೊದಲೇ ಮುರಿತದ ಅಪಾಯ ಏರತೊಡಗುತ್ತದೆ. ದಮ್ಮಿಗೆ, ಸಂಧಿವಾತಕ್ಕೆ ವೈದ್ಯರು ಬರೆದುಕೊಡುವ ಸ್ಟಿರಾಯ್ಡ್‌ಗೆ ಲೆಕ್ಕವಿರುತ್ತದೆ. ಮಂಡಿನೋವಿಗೆಂದು ಹೆಸರು, ಚೀಟಿ ಏನೂ ಇಲ್ಲದೆ ಮಾರುವ ಪುಡಿ, ಗುಳಿಗೆಗಳಲ್ಲಿ ಅದು ಬೆರೆತಿದ್ದರೆ ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ. ಎರಡೇ ದಿನದಲ್ಲಿ ನೋವು ಮಾಯವಾಯಿತೆಂದು ಹೊಗಳುವ ಪುಡಿಯ ಬಗ್ಗೆ ಮನೆಯವರು ಮೊದಲು ಸಂಶಯಪಡಬೇಕು.

ಹಾಗಾದರೆ ಅಂಕಿಯೇ ಬೇಡವೇ?

ಇಲ್ಲಿ ತಜ್ಞರಲ್ಲಿ ಎರಡು ವಾದಗಳಿವೆ. ಸಾಂದ್ರತೆಯನ್ನು ಬೆಂಬಲಿಸುವವರ ಕೈಯಲ್ಲಿ ಬಲವಾದ ಪುರಾವೆ ಇದೆ. ಸೊಂಟದ ಸಾಂದ್ರತೆ ಟಿ-ಸ್ಕೋರಿನ ಒಂದು ಅಂಕದಷ್ಟು ಇಳಿದರೆ ಸೊಂಟದ ಮುರಿತದ ಅಪಾಯ ಸುಮಾರು ಎರಡೂವರೆ ಪಟ್ಟಾಗುತ್ತದೆ. ಇಷ್ಟು ಚೆನ್ನಾಗಿ ಅಪಾಯ ಸೂಚಿಸುವ ಒಂಟಿ ಅಳತೆಗಳು ವೈದ್ಯಕೀಯದಲ್ಲಿ ಹೆಚ್ಚಿಲ್ಲ. ಔಷಧಿಗಳ ಪ್ರಯೋಗಗಳನ್ನೆಲ್ಲ ಒಟ್ಟಾಗಿ ನೋಡಿದಾಗಲೂ ಸೊಂಟದ ಸಾಂದ್ರತೆಯನ್ನು ಹೆಚ್ಚು ಏರಿಸಿದ ಔಷಧಿಗಳೇ ಮುರಿತವನ್ನು ಹೆಚ್ಚು ತಡೆದಿರುವುದು ಕಾಣುತ್ತದೆ. ಗುಣಮಟ್ಟವನ್ನು ಮುಂದಿಡುವವರು, ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆಯ 1996ರ ದೊಡ್ಡ ಪ್ರಯೋಗವನ್ನು ತೋರಿಸುತ್ತಾರೆ. ಅಲ್ಲಿ ಮೂರು ವರ್ಷಗಳಲ್ಲಿ ತೊಡೆಮೂಳೆಯ ಕತ್ತಿನ ಸಾಂದ್ರತೆಯಲ್ಲಿ ಆದ ವ್ಯತ್ಯಾಸ ಶೇ 4ರ ಆಸುಪಾಸು, ಸೊಂಟದ ಮುರಿತ ಮಾತ್ರ ಅರ್ಧಕ್ಕೆ ಇಳಿಯಿತು. ಅಷ್ಟು ಸಣ್ಣ ಏರಿಕೆ ಅಷ್ಟು ದೊಡ್ಡ ಲಾಭ ತಂದಿತೆಂದರೆ ಮೂಳೆ ಕರಗುವ ವೇಗವನ್ನು ತಗ್ಗಿಸಿ ಒಳಜಾಲವನ್ನು ಉಳಿಸಿದ್ದರ ಪಾಲು ಅದರಲ್ಲಿರಲೇಬೇಕು ಎಂಬುದು ಅವರ ವಾದ.

ಎರಡೂ ವಾದಗಳಿಗೆ ಆಧಾರವಿದೆ. ಕಡಿಮೆ ಬಂದ ಅಂಕಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಚೆನ್ನಾಗಿ ಬಂದ ಅಂಕಿಯನ್ನು ಅಭಯವೆಂದು ತಿಳಿಯಬಾರದು. ಈ ಎರಡರಲ್ಲಿ ನಮ್ಮಲ್ಲಿ ಹೆಚ್ಚು ನಡೆಯುವ ತಪ್ಪು ಎರಡನೆಯದು.

ಬೆನ್ನಿನ ಡೆಕ್ಸಾ ಚಿತ್ರದಿಂದಲೇ ಒಳಜಾಲದ ಸ್ಥಿತಿಯನ್ನು ಪರೋಕ್ಷವಾಗಿ ಅಂದಾಜಿಸುವ ತಂತ್ರಾಂಶ ಈಗ ಬಂದಿದೆ, ಆದರೆ ಅದು ಎಲ್ಲ ಕಡೆ ಸಿಗದು. ನಮ್ಮ ತಾಲ್ಲೂಕುಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಫ್ರ್ಯಾಕ್ಸ್ ಎಂಬ ಲೆಕ್ಕಾಚಾರ. ವಯಸ್ಸು, ಎತ್ತರ, ತೂಕ, ಹಿಂದಿನ ಮುರಿತ, ತಂದೆತಾಯಿಗೆ ಸೊಂಟ ಮುರಿದಿತ್ತೇ, ಸ್ಟಿರಾಯ್ಡ್, ಧೂಮಪಾನ, ಮದ್ಯ ಮುಂತಾದ ವಿವರ ಕೊಟ್ಟರೆ ಮುಂದಿನ ಹತ್ತು ವರ್ಷಗಳ ಅಪಾಯವನ್ನು ಅದು ಹೇಳುತ್ತದೆ. ಡೆಕ್ಸಾ ಇಲ್ಲದೆಯೂ ಅದನ್ನು ಬಳಸಬಹುದು, ಭಾರತಕ್ಕೆಂದೇ ಅದರ ಒಂದು ಮಾದರಿಯೂ ಇದೆ. ಬೀಳುವ ಇತಿಹಾಸ ಮತ್ತು ಎರಡನೇ ಬಗೆಯ ಮಧುಮೇಹವನ್ನು ಮೂಲ ಫ್ರ್ಯಾಕ್ಸ್ ಕೇಳುವುದೇ ಇಲ್ಲ. ಆದ್ದರಿಂದ ಅವುಗಳಲ್ಲಿ ಒಂದಾದರೂ ಇರುವವರಲ್ಲಿ ಅದು ಹೇಳಿದ್ದಕ್ಕಿಂತ ಅಪಾಯ ಹೆಚ್ಚೆಂದು ತಿಳಿಯಬೇಕು.

ಬೀಳದಿದ್ದರೆ ಮುರಿಯುವುದು ಅಪರೂಪ

ಸೊಂಟದ ಮುರಿತಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬೀಳುವುದರಿಂದಲೇ ಆಗುತ್ತವೆ. ಬೀಳುವ ಜಾಗವೂ ಬಹುತೇಕ ಮನೆಯೊಳಗೇ ಇರುತ್ತದೆ. ರಾತ್ರಿ ಒಂದಕ್ಕೆ ಎದ್ದ ಹಿರಿಯರು ದೀಪ ಹಾಕಿದರೆ ಉಳಿದವರ ನಿದ್ದೆ ಕೆಟ್ಟೀತೆಂದು ಕತ್ತಲಲ್ಲೇ ಪಡಸಾಲೆ ದಾಟುತ್ತಾರೆ. ಎತ್ತರದ ಹೊಸ್ತಿಲಿಗೆ ಕಾಲು ತಗಲುತ್ತದೆ, ಇಲ್ಲವೆ ನೀರು ಬಿದ್ದ ನುಣುಪಾದ ಫರಸಿಯ ಮೇಲೆ ಹಿಮ್ಮಡಿ ಜಾರುತ್ತದೆ. ಸಂಡಾಸದಲ್ಲಿ ಕುಕ್ಕರಗಾಲಿನಿಂದ ಏಳುವಾಗ ಹಿಡಿಯಲು ನಲ್ಲಿಯ ಹೊರತು ಬೇರೇನೂ ಇರುವುದಿಲ್ಲ. ಇದಕ್ಕೆ ನಿದ್ದೆ ಮಾತ್ರೆಯ ಮಂಪರು, ಎದ್ದ ಕೂಡಲೆ ರಕ್ತದೊತ್ತಡ ಇಳಿಸುವ ಗುಳಿಗೆ, ಮುಂದೂಡುತ್ತ ಬಂದ ಕಣ್ಣಿನ ಪೊರೆಯ ಆಪರೇಷನ್, ಮಳೆಗಾಲದ ಬೆಳಗಾವಿಯಲ್ಲಾದರೆ ಹಾವಸೆ ಕಟ್ಟಿದ ಹಿತ್ತಲ ಕಲ್ಲು ಸೇರಿಕೊಳ್ಳುತ್ತವೆ.

ಗೋಡೆಗೊಂದು ಗಟ್ಟಿ ಹಿಡಿಕೆ, ಹಾಸಿಗೆಯಿಂದ ಬಚ್ಚಲಿನವರೆಗೆ ಮಂದ ದೀಪ, ಹಿಂದೆ ಪಟ್ಟಿಯಿರುವ ಚಪ್ಪಲಿ, ಈ ಮೂರರ ವೆಚ್ಚ ಒಂದು ಡೆಕ್ಸಾ ಪರೀಕ್ಷೆಯ ವೆಚ್ಚಕ್ಕಿಂತ ಹೆಚ್ಚೇನೂ ಆಗದು. ಸಮತೋಲನ ಮತ್ತು ಕಾಲಿನ ಬಲ ಹೆಚ್ಚಿಸುವ ನಿಯಮಿತ ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ಇಳಿಯುತ್ತದೆಂದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಬರೀ ನಡಿಗೆಗೆ ಅಷ್ಟು ಫಲವಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಇಂಥವನ್ನು ಮೊದಮೊದಲು ಯಾರಾದರೂ ಪಕ್ಕದಲ್ಲಿದ್ದು ಮಾಡಿಸಬೇಕು.

ವಿಟಮಿನ್ ಡಿ ಸುದ್ದಿಯ ಅರ್ಥ

2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 25,871 ಜನರಿದ್ದರು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಮುರಿತದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಬಹುಪಾಲು ಆರೋಗ್ಯವಂತರು, ಕೊರತೆ ಇದೆಯೆಂದು ಆರಿಸಿದವರಲ್ಲ. ಹೊಟ್ಟೆ ತುಂಬಿದವರಿಗೆ ಬಡಿಸಿದರೆ ಲಾಭವಿಲ್ಲವೆಂಬುದರಿಂದ ಹಸಿದವರಿಗೂ ಬೇಡವೆಂದಾಗದು. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ, ಬಿಸಿಲು ಮತ್ತು ಕ್ಯಾಲ್ಸಿಯಂ ಎರಡೂ ಕೊರತೆಯಿದ್ದ ಮಹಿಳೆಯರಿಗೆ ದಿನಕ್ಕೆ 800 ಯೂನಿಟ್ ವಿಟಮಿನ್ ಡಿ ಮತ್ತು 1.2 ಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ಸೊಂಟದ ಮುರಿತ ಸ್ಪಷ್ಟವಾಗಿ ಇಳಿದಿತ್ತು. ವರ್ಷಕ್ಕೊಮ್ಮೆ ಒಂದೇ ಸಲಕ್ಕೆ 5 ಲಕ್ಷ ಯೂನಿಟ್ ಕೊಟ್ಟ ಆಸ್ಟ್ರೇಲಿಯಾದ 2010ರ ಪ್ರಯೋಗದಲ್ಲಿ ಬೀಳುವುದೂ ಮುರಿಯುವುದೂ ಹೆಚ್ಚಾದವು. ವೈದ್ಯರ ಸಲಹೆಯಿಲ್ಲದೆ ದೊಡ್ಡ ಪ್ರಮಾಣದ ಇಂಜೆಕ್ಷನ್ ಮೇಲಿಂದ ಮೇಲೆ ಹಾಕಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಊಟದ ಲೆಕ್ಕ ನಮ್ಮಲ್ಲಿ ಬೇರೆಯೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇಲ್ಲ. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕೆಂದು 2020ರ ಭಾರತೀಯ ಶಿಫಾರಸು ಹೇಳುತ್ತದೆ. ಅಂದರೆ ರೊಟ್ಟಿಯ ಸೀಮೆಯಲ್ಲಿ ಕ್ಯಾಲ್ಸಿಯಂ ಬರಬೇಕಾದದ್ದು ಹಾಲು, ಮೊಸರು, ಮಜ್ಜಿಗೆ, ಎಳ್ಳು, ಗುರೆಳ್ಳು ಹಿಂಡಿ, ತಪ್ಪಲು ಪಲ್ಯಗಳಿಂದ. ಮನೆಯ ಎಮ್ಮೆಯ ಹಾಲು ಡೇರಿಗೆ ಹೋಗಿ, ಉಳಿದದ್ದು ಮಕ್ಕಳಿಗೆ ಸಂದು, ಅಜ್ಜಿಯ ಪಾಲಿಗೆ ಚಹಾದ ಹಾಲಷ್ಟೇ ದಕ್ಕುವ ಮನೆಗಳಲ್ಲಿ ಕೊರತೆ ತಪ್ಪಿದ್ದಲ್ಲ. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿ ನೋಡಿದ 2021ರ ಪ್ರಯೋಗದಲ್ಲಿ ಸೊಂಟದ ಮುರಿತ ಶೇ 46ರಷ್ಟು ಕಡಿಮೆಯಾಯಿತು. ಅಲ್ಲಿ ಕ್ಯಾಲ್ಸಿಯಂ ಜೊತೆಗೆ ಪ್ರೋಟೀನೂ ಹೆಚ್ಚಿತ್ತು.

ಮಾತ್ರೆಯ ಭಯ

ಅಲೆಂಡ್ರೊನೇಟ್, ಜೊಲೆಡ್ರೊನೇಟ್ ಮುಂತಾದ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿಗಳನ್ನು ಬಹುಕಾಲ ತೆಗೆದುಕೊಂಡ ಕೆಲವರಲ್ಲಿ ತೊಡೆಮೂಳೆಯ ಕಾಂಡ ಅಡ್ಡಲಾಗಿ ಮುರಿಯುತ್ತದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ನೀಡಿತು. ಮೂಳೆ ಕರಗುವುದನ್ನು ಬಹಳ ಕಾಲ ತಡೆದರೆ ಸೂಕ್ಷ್ಮ ಬಿರುಕುಗಳ ದುರಸ್ತಿಯೂ ನಿಧಾನವಾಗುವುದು ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಎಚ್ಚರಿಕೆ ನಿಜವಾದದ್ದು, ಆದರೆ ಪ್ರಮಾಣವನ್ನು ನೋಡಬೇಕು. 2020ರ ದೊಡ್ಡ ಅಧ್ಯಯನದ ಪ್ರಕಾರ 10,000 ಮಹಿಳೆಯರು ಮೂರು ವರ್ಷ ಈ ಔಷಧಿ ತೆಗೆದುಕೊಂಡರೆ, ಬಿಳಿಯ ಜನಾಂಗದವರಲ್ಲಿ 149 ಸೊಂಟದ ಮುರಿತಗಳು ತಪ್ಪಿ ಇಂಥ 2 ಮುರಿತಗಳು ಆಗುತ್ತವೆ. ಅಮೆರಿಕದಲ್ಲಿರುವ ಏಷ್ಯಾ ಮೂಲದವರಲ್ಲಿ 91 ತಪ್ಪಿ 8 ಆಗುತ್ತವೆ. ಏಷ್ಯಾದವರಲ್ಲಿ ಲಾಭ ಕಡಿಮೆ, ಅಪಾಯ ಹೆಚ್ಚು ಎಂಬುದು ನಮಗೆ ಮುಖ್ಯ. ಹಾಗಿದ್ದೂ ಲಾಭವೇ ಹಲವು ಪಟ್ಟು ದೊಡ್ಡದು. ಆದ್ದರಿಂದಲೇ ಮಾತ್ರೆಯಾದರೆ ಸುಮಾರು ಐದು ವರ್ಷ, ವರ್ಷಕ್ಕೊಮ್ಮೆಯ ಇಂಜೆಕ್ಷನ್ ಆದರೆ ಮೂರು ವರ್ಷದ ನಂತರ ವೈದ್ಯರು ಮರುಪರಿಶೀಲಿಸಿ, ಅಪಾಯ ಕಡಿಮೆಯಿದ್ದವರಿಗೆ ಬಿಡುವು ಕೊಡುತ್ತಾರೆ. ಔಷಧಿ ನಡೆದಿರುವಾಗ ತೊಡೆಯಲ್ಲೋ ತೊಡೆಸಂದಿನಲ್ಲೋ ಹೊಸದಾಗಿ ನೋವು ಕಂಡರೆ ಎಕ್ಸ್‌ರೇ ತೆಗೆಸಲೇಬೇಕು.

ಡೆನೊಸುಮ್ಯಾಬ್ ಎಂಬ ಆರು ತಿಂಗಳಿಗೊಮ್ಮೆಯ ಇಂಜೆಕ್ಷನ್‌ಗೆ ಈ ಬಿಡುವಿನ ನಿಯಮ ಅನ್ವಯಿಸುವುದಿಲ್ಲ. ಅದನ್ನು ನಡುವೆ ನಿಲ್ಲಿಸಿದರೆ ಮೂಳೆ ಕರಗುವಿಕೆ ಮರುಕಳಿಸಿ ಬೆನ್ನಿನ ಹಲವು ಮಣಿಗಳು ಒಟ್ಟಿಗೆ ಕುಸಿಯುವ ಅಪಾಯವಿದೆ. ಹಣದ ಅಡಚಣೆಯಿಂದಲೋ ದೂರದ ಊರಿಗೆ ಹೋಗಲಾಗದೆಯೋ ಒಂದು ಸರದಿ ತಪ್ಪಿಸಬಹುದಾದ ಕುಟುಂಬಗಳು ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಇದನ್ನು ವೈದ್ಯರೊಡನೆ ಮಾತಾಡಿಕೊಳ್ಳಬೇಕು.

ಮೊದಲ ಮುರಿತವೇ ದೊಡ್ಡ ಸೂಚನೆ

ಯಂತ್ರವಿಲ್ಲದೆ ಸಿಗುವ ಅತಿ ಬಲವಾದ ಸೂಚನೆಯೆಂದರೆ ಹಿಂದೆ ಆದ ಮುರಿತ. ಐವತ್ತು ದಾಟಿದವರು ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರೆ, ಇಲ್ಲವೆ ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿ ಬೆನ್ನು ಬಾಗಿದ್ದರೆ, ಟಿ-ಸ್ಕೋರ್ ಏನೇ ಹೇಳಲಿ, ತಪಾಸಣೆ ಮುಂದುವರಿಯಬೇಕು. ಬೆನ್ನಿನ ಮಣಿಯ ಕುಸಿತದಲ್ಲಿ ಮೂರರಲ್ಲಿ ಎರಡು ಪಾಲು ಗೊತ್ತಾಗದೇ ಆಗುವಂಥವು. ತಾಲ್ಲೂಕು ಕೇಂದ್ರದಲ್ಲಿಯೂ ಸಿಗುವ ಸಾಮಾನ್ಯ ಎಕ್ಸ್‌ರೇಯಲ್ಲಿ ಅವು ಕಾಣುತ್ತವೆ. ಕೈಗೆ ಪ್ಲಾಸ್ಟರ್ ಹಾಕಿ, ಆರು ವಾರಕ್ಕೆ ತೆಗೆದು, ಮೂಳೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿದಾಗ, ಸೊಂಟ ಮುರಿಯುವುದಕ್ಕೆ ಎಷ್ಟೋ ವರ್ಷ ಮುಂಚೆ ಸಿಕ್ಕ ಅವಕಾಶವೊಂದು ಕೈತಪ್ಪುತ್ತದೆ.

ಸೊಂಟವೇ ಮುರಿದ ಮೇಲೆ ಸಮಯದ ಬೆಲೆ ಹೆಚ್ಚು. ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದು, ಎದ್ದು ನಿಲ್ಲಲಾಗದಿದ್ದರೆ ಅದು ನಾಟಿ ವೈದ್ಯರ ಕಟ್ಟಿಗೆ ಒಗ್ಗುವ ಮುರಿತವಲ್ಲ. ತೊಡೆಮೂಳೆಯ ಕತ್ತಿನ ಸುತ್ತ ಬಿದಿರು ದಬ್ಬೆ ಹಿಡಿಯುವ ಜಾಗವೇ ಇಲ್ಲ, ಅಲ್ಲಿಗೆ ರಕ್ತ ತರುವ ನಾಳಗಳೂ ಮುರಿತದಲ್ಲಿ ಹರಿದಿರಬಹುದು. ರಾಡ್ ಹಾಕುವುದೋ ಬಾಲ್ ಬದಲಿಸುವುದೋ ಆಗಬೇಕಾದದ್ದು ಒಂದೆರಡು ದಿನಗಳೊಳಗೆ. ‘ವಯಸ್ಸಾಗಿದೆ, ಆಪರೇಷನ್ ತಡೆಯಲಿಕ್ಕಿಲ್ಲ’ ಎಂದು ಮನೆಯಲ್ಲೇ ಮಲಗಿಸುವವರು ಗಮನಿಸಬೇಕಾದ ಸಂಗತಿಯೆಂದರೆ, ಮಲಗಿದ್ದೇ ನ್ಯುಮೋನಿಯಾಕ್ಕೆ, ಬೆನ್ನಹುಣ್ಣಿಗೆ, ಕಾಲಿನ ರಕ್ತ ಹೆಪ್ಪುಗಟ್ಟುವುದಕ್ಕೆ ದಾರಿ. ಸೊಂಟ ಮುರಿದವರಲ್ಲಿ ಒಂದು ವರ್ಷದೊಳಗೆ ಐವರಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರವರೆಗೆ ತೀರಿಕೊಳ್ಳುತ್ತಾರೆಂಬುದು ಹಲವು ದೇಶಗಳ ಅನುಭವ. ಬದುಕಿದವರಲ್ಲಿ ಅನೇಕರು ಮೊದಲಿನಂತೆ ಆಸರೆಯಿಲ್ಲದೆ ನಡೆಯಲಾರರು.

ಆಪರೇಷನ್ ಆದ ಮೇಲೆ ಮುಂದಿನ ಮುರಿತ ತಡೆಯುವ ಔಷಧಿ ಹೆಚ್ಚಿನವರಿಗೆ ಸಿಗುವುದಿಲ್ಲ, ಶ್ರೀಮಂತ ದೇಶಗಳಲ್ಲಿಯೂ ಈ ಲೋಪವಿದೆ. ಶಸ್ತ್ರಚಿಕಿತ್ಸಕರು ಮೂಳೆ ಕೂಡಿಸುತ್ತಾರೆ, ಫಿಜಿಷಿಯನ್ ಸಕ್ಕರೆ ನೋಡುತ್ತಾರೆ, ಮೂಳೆ ಏಕೆ ಮುರಿಯಿತೆಂಬ ಪ್ರಶ್ನೆ ಇಬ್ಬರ ನಡುವೆ ಉಳಿದುಬಿಡುತ್ತದೆ. ಆಪರೇಷನ್ ಆದ ಮೂರು ತಿಂಗಳೊಳಗೆ ಜೊಲೆಡ್ರೊನೇಟ್‌ನ ವರ್ಷಕ್ಕೊಮ್ಮೆಯ ಡ್ರಿಪ್ ಕೊಡಲು ಆರಂಭಿಸಿದ 2007ರ ಪ್ರಯೋಗದಲ್ಲಿ ಹೊಸ ಮುರಿತಗಳು ಶೇ 35ರಷ್ಟು, ಸಾವು ಶೇ 28ರಷ್ಟು ಕಡಿಮೆಯಾದವು. ಅದನ್ನು ಕೊಡುವ ಮೊದಲು ಮೂತ್ರಪಿಂಡದ ಶಕ್ತಿ ನೋಡಬೇಕು, ವಿಟಮಿನ್ ಡಿ ಕೊರತೆ ತುಂಬಬೇಕು. ಬಾಗಲಕೋಟೆ, ವಿಜಯಪುರದ ಕಡೆಯವರಾದರೆ ಯಾವ ನೀರು ಕುಡಿಯುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ಮನೆಯವರು ಡಿಸ್ಚಾರ್ಜ್ ಚೀಟಿ ಪಡೆಯುವಾಗ ಅದರಲ್ಲಿ ನೋವಿನ ಗುಳಿಗೆ ಮತ್ತು ಹೊಲಿಗೆ ಬಿಚ್ಚುವ ದಿನದ ಜೊತೆಗೆ ಮೂಳೆಯ ಔಷಧಿಯ ಹೆಸರು, ಅದನ್ನು ಕೊಡುವ ದಿನಾಂಕ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿಯೇ ಕೇಳಿ ಬರೆಸಿಕೊಳ್ಳಬೇಕು.